ಊಟ ಆಯ್ತು, ಏನು ಸಾರು?

ಕನ್ನಡಿಗರ ಫೋನ್ ಮಾತುಕತೆ ಎಲ್ಲಿಂದ ಶುರುವಾದರೂ ಒಂದು ಪ್ರಶ್ನೆಯನ್ನು ದಾಟದೆ ಮುಂದಕ್ಕೆ ಹೋಗುವುದಿಲ್ಲ: 'ಊಟ ಆಯ್ತಾ?' ಆಯ್ತು ಎಂದರೆ ಅಷ್ಟಕ್ಕೇ ಬಿಡುವವರೂ ನಾವಲ್ಲ. ಮೈಸೂರು ಸೀಮೆಯವರು 'ಏನ್ ಸಾರು?' ಎನ್ನುತ್ತಾರೆ. ಧಾರವಾಡದ ಕಡೆಯವರು 'ಏನ್ ಪಲ್ಯ ಮಾಡೀರಿ?' ಎಂದು ಕೇಳುತ್ತಾರೆ. ಮಂಗಳೂರಿನವರದ್ದು 'ಎಂತ ಪದಾರ್ಥ?' ಮುದ್ದೆಯೋ ರೊಟ್ಟಿಯೋ ಅನ್ನವೋ ಇದ್ದೇ ಇರುತ್ತದೆ, ಅದನ್ನೇನು ಕೇಳುವುದು? ವಿಚಾರಿಸಬೇಕಾದ್ದು ಅದರ ಜೊತೆಗೆ ಏನಿತ್ತು ಎಂಬುದನ್ನು.

ಈ ಎರಡನೆಯ ಪ್ರಶ್ನೆಯನ್ನು ನಾವು ಮಾತಿಗೆ ಮಾತು ಸೇರಿಸಲು ಕೇಳುತ್ತೇವೆ. ಆದರೆ ಕೊರೊನಾ ಬಂದು ಹೋದ ಮೇಲೆ ಮನೆಮನೆಯ ಊಟಕ್ಕೆ ಏನಾಯಿತು ಎಂದು ತಿಳಿಯಬೇಕಾದರೆ ಕೇಳಬೇಕಾದ್ದು ಇದನ್ನೇ.

ಮೂರು ಮನೆಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು ಜರ್ಮನಿಯ ಸಿಂಡೆಲ್‌ಫಿಂಗೆನ್‌ನಲ್ಲಿದೆ. ಸ್ಟುಟ್‌ಗಾರ್ಟ್ ನಗರದ ನೈಋತ್ಯಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿರುವ ಈ ಊರಿನಲ್ಲಿ 1915ರಿಂದ ಒಂದು ದೊಡ್ಡ ಕಾರ್ಖಾನೆಯಿದೆ, ಈಗ ಅಲ್ಲಿ ಮರ್ಸಿಡಿಸ್ ಕಾರುಗಳು ತಯಾರಾಗುತ್ತವೆ. ಅದೇ ಕಂಪನಿಯ ಸಂಶೋಧನಾ ಕೇಂದ್ರವೊಂದು 1996ರಿಂದ ಬೆಂಗಳೂರಿನಲ್ಲಿದೆ. ನಮ್ಮ ಕಲ್ಪನೆಯ ಗಂಡಹೆಂಡಿರು ಹಾಗೆ ಬೆಂಗಳೂರಿನಿಂದ ಹೋದವರು. ಗಂಡ ಮಂಡ್ಯದವನು, ಹೆಂಡತಿ ಧಾರವಾಡದವಳು, ಮನೆ ಮೂರನೆಯ ಮಹಡಿಯಲ್ಲಿ. ಎರಡನೆಯ ಮನೆ ಅದೇ ಕಟ್ಟಡದ ಕೆಳಗಿನ ಅಂತಸ್ತಿನದು. ಅಲ್ಲೊಬ್ಬ ಜರ್ಮನ್ ತಾಯಿ, ಶಾಲೆಗೆ ಹೋಗುವ ಮಗ, ಕೈಗೆ ಬರುವುದು ಸರ್ಕಾರದ ಜೀವನಾಧಾರ ಭತ್ಯೆ. ಮೂರನೆಯದು ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಬೆಂಗಳೂರಿನ ಕಟ್ಟಡ ಕೆಲಸದಿಂದ ಲಾಕ್‌ಡೌನ್ ಹೊತ್ತಿಗೆ ಗಂಟುಮೂಟೆ ಕಟ್ಟಿಕೊಂಡು ವಾಪಸಾದ ಸಂಸಾರ ಅದು.

ಮೂರು ಮನೆಯಲ್ಲೂ ಯಾರೂ ಉಪವಾಸ ಸಾಯಲಿಲ್ಲ. 'ಊಟ ಆಯ್ತಾ?' ಎಂದು ಕೇಳಿದ್ದರೆ ಮೂವರೂ 'ಆಯ್ತು' ಎನ್ನುತ್ತಿದ್ದರು. ಸೋಜಿಗವೆಂದರೆ, ಅಂಗಡಿಯ ಕಪಾಟು ಬರಿದಾದ 2020ರಲ್ಲಿ ಮೇಲಿನ ಮನೆಯ ತಟ್ಟೆ ತುಂಬಿಯೇ ಇತ್ತು. ಕಪಾಟುಗಳು ತುಂಬಿ ತುಳುಕುತ್ತಿದ್ದ 2023ರಲ್ಲಿ ಕೆಳಗಿನ ಮನೆಯ ತಟ್ಟೆ ಬಡವಾಯಿತು. ಯಾಕೆ ಹೀಗೆ?

ಹ್ಯಾಮ್‌ಸ್ಟರ್ ಮತ್ತು ಹಗೇವು

2020ರ ಮಾರ್ಚ್ 17ರಂದು ಸಿಂಡೆಲ್‌ಫಿಂಗೆನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಶಾಲೆಗಳು ಮುಚ್ಚಿದವು. ಕಾರು ಕಂಪನಿಯೂ ಯುರೋಪಿನ ಬಹುಪಾಲು ಕಾರ್ಖಾನೆಗಳನ್ನು ಸದ್ಯಕ್ಕೆ ನಿಲ್ಲಿಸುವುದಾಗಿ ಅದೇ ದಿನಗಳಲ್ಲಿ ಹೇಳಿತು. ಸೂಪರ್ ಮಾರ್ಕೆಟ್ಟಿಗೆ ಹೋದವರಿಗೆ ಮೈದಾ ಇಲ್ಲ, ಪಾಸ್ತಾ ಇಲ್ಲ, ಯೀಸ್ಟ್ ಇಲ್ಲ, ಟಾಯ್ಲೆಟ್ ಪೇಪರ್ ಅಂತೂ ಇಲ್ಲವೇ ಇಲ್ಲ.

ಹೀಗೆ ಬಾಚಿ ಕೂಡಿಡುವುದಕ್ಕೆ ಜರ್ಮನ್ ಭಾಷೆಯಲ್ಲಿ 'ಹಾಮ್‌ಸ್ಟರ್ನ್' ಎಂಬ ಕ್ರಿಯಾಪದವೇ ಇದೆ. ಅದು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯಿಂದ ಬಂದದ್ದು. ಅಲ್ಲಿನ ಗೋಧಿ ಹೊಲಗಳಲ್ಲಿ ಬಿಲ ತೋಡಿ ಬದುಕುವ ಈ ಇಲಿಯ ನೆಂಟ ಎರಡು ಕೆನ್ನೆಯ ಚೀಲದಲ್ಲೂ ಕಾಳು ತುಂಬಿಕೊಂಡು ಹೋಗಿ ಚಳಿಗಾಲಕ್ಕೆಂದು ನೆಲದೊಳಗೆ ಕೂಡಿಡುತ್ತದೆ. ಧಾರವಾಡದ ಹೆಣ್ಣುಮಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವಳ ಅಜ್ಜನ ಕಾಲದ ಊರುಗಳಲ್ಲಿ ನೆಲದಡಿ ತೋಡಿದ ಹಗೇವುಗಳಿದ್ದವು. ಸುಗ್ಗಿಯ ಜೋಳ ತುಂಬಿ, ಬಾಯಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ಬರಗಾಲಕ್ಕೆ ಅದೇ ಆಸರೆ.

ಜರ್ಮನಿಯಲ್ಲಿ ಆಗ ಆಹಾರದ ಅಭಾವ ಇರಲಿಲ್ಲ. ಬಡಾವಣೆಯ ಎಲ್ಲ ಮನೆಯವರೂ ಒಂದೇ ಗಳಿಗೆಗೆ ನಲ್ಲಿ ತಿರುಗಿಸಿದರೆ ಕೊನೆಯ ಮನೆಗೆ ನೀರು ಬರುವುದಿಲ್ಲ. ಕೆರೆ ಬತ್ತಿದೆ ಎಂದು ಅದರ ಅರ್ಥವಲ್ಲ. ಅಂಗಡಿಯ ಕಪಾಟಿನಲ್ಲಿ ಇರುವುದು ಕೆಲವೇ ದಿನಗಳ ಮಾರಾಟಕ್ಕೆ ಆಗುವಷ್ಟು ಸರಕು. ಎಲ್ಲರೂ ಎರಡೆರಡು ಪೊಟ್ಟಣ ಹೆಚ್ಚಿಗೆ ಒಯ್ದರೆ ಅದು ಬರಿದಾಗಲೇಬೇಕು. ಕೆಲವು ವಾರಗಳಲ್ಲಿ ಎಲ್ಲ ಮತ್ತೆ ತುಂಬಿಕೊಂಡಿತು.

ಇಲ್ಲಿ ಗಮನಿಸಬೇಕಾದ್ದು ಜನ ಏನನ್ನು ಬಾಚಿಕೊಂಡರು ಎಂಬುದನ್ನು. ಮೈದಾ, ಪಾಸ್ತಾ, ಅಕ್ಕಿ. ಪಾಲಕ್ ಸೊಪ್ಪಿಗೆ ಯಾರೂ ನುಗ್ಗಾಡಲಿಲ್ಲ. ಹಗೇವಿನಲ್ಲಿ ಜೋಳ ಇಡಬಹುದು, ಹಕ್ಕರಕಿ ಸೊಪ್ಪು ಇಡಲಾಗದು. ಮೂರು ವರ್ಷದ ನಂತರ ಮೇಲಿನ ಮನೆಯವರು ಇದನ್ನೇ ಇನ್ನೊಮ್ಮೆ ಮಾಡಿದರು ಎಂದಿಟ್ಟುಕೊಳ್ಳಿ. 2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಅಕ್ಕಿ ಚೀಲಕ್ಕೆ ಮುಗಿಬಿದ್ದವರ ವಿಡಿಯೊಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದವು. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಬೆಳೆಯುವ ಸೋನಾ ಮಸೂರಿ ಇಲ್ಲದೆ ಮಂಡ್ಯದವನಿಗೆ ಅನ್ನ ಇಳಿಯುವುದಿಲ್ಲ. ಅವನೂ ಎರಡು ಚೀಲ ಹೊತ್ತು ತಂದ. ಆ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಭಯ ಹುಟ್ಟಿದಾಗಲೆಲ್ಲ ನಮ್ಮ ಕೈ ಮೊದಲು ಚಾಚುವುದು ಧಾನ್ಯದ ಕಡೆಗೆ.

ಮುದ್ದೆ ಉಳಿಯುತ್ತದೆ, ಸಾರು ತೆಳುವಾಗುತ್ತದೆ

ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. ಹಡಗು ಲಾರಿಗಳ ಸಾಗಾಟ ಇನ್ನೂ ಸರಿಹೋಗುತ್ತಿದ್ದ ಹೊತ್ತಿಗೆ, 2022ರ ಫೆಬ್ರವರಿಯಲ್ಲಿ ಯುಕ್ರೇನ್ ಯುದ್ಧ ಶುರುವಾಯಿತು. ಆ ವಸಂತದಲ್ಲಿ ಜರ್ಮನಿಯ ಅಂಗಡಿಗಳಿಂದ ಸೂರ್ಯಕಾಂತಿ ಎಣ್ಣೆ ಮಾಯವಾಯಿತು. 2023ರ ಮಾರ್ಚ್‌ನಲ್ಲಿ ಅಲ್ಲಿನ ಆಹಾರದ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಶೇ. 22.3ರಷ್ಟು ಮೇಲಿತ್ತು.

ಬೆಲೆ ಎಲ್ಲರಿಗೂ ಒಂದೇ, ಪೆಟ್ಟು ಒಂದೇ ಅಲ್ಲ. ಇದರ ಕಾರಣವನ್ನು 1857ರಲ್ಲೇ ಲೆಕ್ಕ ಹಾಕಿ ತೋರಿಸಿದವನು ಜರ್ಮನಿಯವನೇ ಆದ ಅರ್ನ್ಸ್ಟ್ ಎಂಗೆಲ್ ಎಂಬ ಅಂಕಿಅಂಶ ತಜ್ಞ. ಬೆಲ್ಜಿಯಂ ಕೂಲಿಕಾರರ ಸಂಸಾರಗಳ ಖರ್ಚುವೆಚ್ಚ ಕೂಡಿಸಿ ಕಳೆದು ನೋಡಿದಾಗ ಅವನಿಗೆ ಕಂಡದ್ದಿಷ್ಟು: ಸಂಸಾರ ಬಡವಾದಷ್ಟೂ ಅದರ ಹಣದಲ್ಲಿ ಊಟಕ್ಕೆ ಹೋಗುವ ಪಾಲು ದೊಡ್ಡದು. ಇಂದು ಜರ್ಮನಿಯ ಸಾಧಾರಣ ಕುಟುಂಬ ತನ್ನ ಖರ್ಚಿನ ಎಂಟನೇ ಒಂದು ಪಾಲಿನಷ್ಟನ್ನು ಆಹಾರಕ್ಕೆ ಹಾಕುತ್ತದೆ. ಭಾರತದ ಹಳ್ಳಿಗಳಲ್ಲಿ, 2022-23ರ ಸಮೀಕ್ಷೆಯಂತೆ, 100 ರೂಪಾಯಿಯಲ್ಲಿ 46 ರೂಪಾಯಿ ಊಟಕ್ಕೇ. ಮೇಲಿನ ಮಹಡಿಯ ಎಂಜಿನಿಯರ್ ದಂಪತಿ ಹೋಟೆಲ್ ಊಟ ಒಂದೆರಡು ಕಡಿಮೆ ಮಾಡಿ ಸುಮ್ಮನಾದರು. ಕೆಳಗಿನ ಮನೆಯ ತಾಯಿಗೆ 2022ರಲ್ಲಿ ತನ್ನ ಪಾಲಿಗೆ ತಿಂಗಳಿಗೆ ಸಿಗುತ್ತಿದ್ದ ಮೂಲ ಭತ್ಯೆ 449 ಯೂರೊ. ಅದರಲ್ಲಿ ಊಟಕ್ಕೆಂದು ಲೆಕ್ಕ ಹಾಕಿದ ಹಣ ದಿನಕ್ಕೆ 5 ಯೂರೊ ಆಸುಪಾಸು.

ಈಗ ಅವಳು ಏನು ಮಾಡಬೇಕು? ಸುಲಭವಾಗಿ ಹೊಳೆಯುವ ಉತ್ತರ, ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಡಿಮೆ ತಿನ್ನಬೇಕು. ಯಾವ ದೇಶದ ಯಾವ ಮನೆಯೂ ಹಾಗೆ ಮಾಡುವುದಿಲ್ಲ. ನಮ್ಮ ಅಡುಗೆಮನೆಯನ್ನೇ ನೆನೆಸಿಕೊಳ್ಳಿ. ಕೈ ಬಿಗಿಯಾದಾಗ ಮುದ್ದೆಯ ಗಾತ್ರ ಕುಗ್ಗುವುದಿಲ್ಲ. ಸಾರಿಗೆ ಹಾಕುವ ಬೇಳೆ ಹಿಡಿಯಿಂದ ಅರೆ ಹಿಡಿಗೆ ಬರುತ್ತದೆ. ತರಕಾರಿ ಎರಡರ ಬದಲು ಒಂದಾಗುತ್ತದೆ. ಮೊಸರು ಮಜ್ಜಿಗೆಯಾಗಿ, ಮಜ್ಜಿಗೆ ನೀರುಮಜ್ಜಿಗೆಯಾಗುತ್ತದೆ. ಮೊಟ್ಟೆ, ಹಣ್ಣು ಮುಂದಿನ ತಿಂಗಳಿಗೆ ಹೋಗುತ್ತವೆ. ಕಡೆಗೆ ಖಾರಪುಡಿ, ಹುಣಿಸೆಹಣ್ಣು, ಉಪ್ಪೇ ಸಾರು.

ಹೀಗಾಗುವುದಕ್ಕೆ ಮೈಯಲ್ಲೇ ಕಾರಣವಿದೆ. ಹೊಟ್ಟೆ ಖಾಲಿಯಾದರೆ ಅದು ಗಂಟೆ ಬಾರಿಸುತ್ತದೆ. ಸಂಕಟ, ತಲೆಸುತ್ತು, ಸಿಟ್ಟು ಎಲ್ಲ ಆ ಗಂಟೆಯ ಸದ್ದೇ. ಗಂಟೆ ಬಾರಿಸುವುದು ಶಕ್ತಿಗಾಗಿ, ಎಂದರೆ ಕ್ಯಾಲೊರಿಗಾಗಿ. ಕಬ್ಬಿಣ ಕಡಿಮೆಯಾಯಿತೆಂದು, ಸತು ಸಾಲದೆಂದು, ಎ ವಿಟಮಿನ್ ಮುಗಿಯುತ್ತಿದೆಯೆಂದು ಹೊಟ್ಟೆ ಚುರುಗುಟ್ಟುವುದಿಲ್ಲ. ಸದ್ದು ಮಾಡುವ ಗಂಟೆಯನ್ನು ಕಡಿಮೆ ದುಡ್ಡಿನಲ್ಲಿ ಸುಮ್ಮನಾಗಿಸಬೇಕಾದರೆ ಅಕ್ಕಿ, ಮೈದಾ, ಸಕ್ಕರೆ, ಎಣ್ಣೆಯಷ್ಟು ಅಗ್ಗವಾದದ್ದು ಬೇರೆ ಇಲ್ಲ. ಆದ್ದರಿಂದ ಕೈಯಲ್ಲಿ ಉಳಿದ ಹಣ ಧಾನ್ಯದ ಕಡೆಗೆ ಹರಿಯುತ್ತದೆ. ತಟ್ಟೆ ತೂಗಿದರೆ ಮೊದಲಿನಷ್ಟೇ ತೂಕ, ಒಳಗಿನ ಸಾರ ಮಾತ್ರ ಸೋರಿರುತ್ತದೆ. ಕೆಳಗಿನ ಮನೆಯ ಮಗ ಪಾಸ್ತಾ, ಬಿಳಿ ಬ್ರೆಡ್ಡು, ಸಿಹಿ ಪಾನೀಯದಲ್ಲಿ ದಪ್ಪಗೂ ಆಗಬಹುದು. ದಪ್ಪಗಿರುವ ಮಗುವನ್ನು ನೋಡಿ ಊಟಕ್ಕೆ ಕೊರತೆಯಿದೆ ಎಂದು ಯಾರಿಗೆ ಅನ್ನಿಸೀತು?

ಚಿಟಿಕೆಯಷ್ಟೇ ಬೇಕಾದರೂ ಇಲ್ಲದಿದ್ದರೆ ಮೈ ನಡೆಯದ ಇಂಥ ವಸ್ತುಗಳನ್ನು 'ಚಿಟಿಕೆ ಪೋಷಕ' ಎನ್ನೋಣ. ಹೊಟ್ಟೆ ತುಂಬಿಯೂ ಅವು ಸಾಲದೆ ಬರುವ ಕೊರತೆಯನ್ನು 'ಒಳಹಸಿವು' ಎನ್ನೋಣ. ವಿಜ್ಞಾನಿಗಳ ಬಾಯಲ್ಲಿ ಇದು ಹಿಡನ್ ಹಂಗರ್.

ಜಾವಾ ದ್ವೀಪದ ತಾಯಂದಿರು

ಇದು ಅಡುಗೆಮನೆಯ ಅನುಭವ ಮಾತ್ರ ಅಲ್ಲ, ಅಳೆದು ನೋಡಿದ ಸಂಗತಿಯೂ ಹೌದು. 1997ರಲ್ಲಿ ಏಷ್ಯಾದ ಹಣಕಾಸು ಬಿಕ್ಕಟ್ಟಿಗೆ ಸಿಕ್ಕಿ ಇಂಡೊನೇಷ್ಯಾದ ನಾಣ್ಯ ಕುಸಿಯಿತು. ಅದೇ ಹೊತ್ತಿಗೆ ಮಳೆಯೂ ಕೈಕೊಟ್ಟಿತು. ಅಕ್ಕಿಯ ಬೆಲೆ ಗಗನಕ್ಕೇರಿತು. ಮಧ್ಯ ಜಾವಾದ ಹಳ್ಳಿಗಳಲ್ಲಿ ಆಗಲೇ ತಾಯಿ ಮಕ್ಕಳ ಆರೋಗ್ಯದ ಸಮೀಕ್ಷೆ ಸಾಲಾಗಿ ನಡೆಯುತ್ತಿದ್ದರಿಂದ ಬಿಕ್ಕಟ್ಟಿನ ಮುಂಚೆ, ನಡುವೆ, ನಂತರ ಏನಾಯಿತೆಂದು ಹೋಲಿಸಿ ನೋಡಲು ಸಾಧ್ಯವಾಯಿತು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು.

ಮಕ್ಕಳನ್ನು ತಕ್ಕಡಿಗೆ ಹಾಕಿದರೆ ವಯಸ್ಸಿಗೆ ತಕ್ಕ ತೂಕ ಇಳಿದಿರಲಿಲ್ಲ. ತಕ್ಕಡಿಯನ್ನೇ ನಂಬಿದ್ದರೆ ಬಿಕ್ಕಟ್ಟು ಮಕ್ಕಳನ್ನು ಮುಟ್ಟಲೇ ಇಲ್ಲ ಎಂದು ವರದಿ ಬರೆದು ಮುಗಿಸಬಹುದಿತ್ತು. ಆದರೆ ಸಂಶೋಧಕರು ರಕ್ತವನ್ನೂ ಪರೀಕ್ಷಿಸಿದ್ದರು. ಮಕ್ಕಳಲ್ಲಿ ರಕ್ತಹೀನತೆ ಹೆಚ್ಚಿತ್ತು. ಬಿಕ್ಕಟ್ಟಿನ ದಿನಗಳಲ್ಲಿ ಗರ್ಭದಲ್ಲಿ ಮೂಡಿದ ಮಕ್ಕಳಲ್ಲಂತೂ ಇನ್ನೂ ಹೆಚ್ಚು. ಮನೆಗಳು ಅನ್ನವನ್ನು ಉಳಿಸಿಕೊಂಡು, ಮೊಟ್ಟೆ, ಸೊಪ್ಪುಗಳಂಥ ಸಾರವತ್ತಾದ ಆಹಾರವನ್ನು ಕೈಬಿಟ್ಟಿದ್ದವು.

ಇನ್ನೊಂದು ಸಂಗತಿಯೂ ಬಯಲಾಯಿತು. ಮಕ್ಕಳ ತೂಕ ನಿಂತಿತ್ತು, ತಾಯಂದಿರು ಸೊರಗಿದ್ದರು. ತಮ್ಮ ಪಾಲನ್ನು ಮಕ್ಕಳ ತಟ್ಟೆಗೆ ಹಾಕಿದ್ದರು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರಿಗೆ ಎರಡು ತುತ್ತು ಕಲಸಿಕೊಂಡು 'ನಂದೂ ಆಯ್ತು' ಎನ್ನುವ ತಾಯಿ ನಮಗೆ ಹೊಸಬಳಲ್ಲ. ಮನೆ ಎಂಬುದು ಒಂದು ತಟ್ಟೆಯಲ್ಲ, ಹಲವು ತಟ್ಟೆ. ಎಲ್ಲಕ್ಕಿಂತ ಮೊದಲು ತೆಳುವಾಗುವುದು ಕೊನೆಗೆ ಉಣ್ಣುವವಳದ್ದು.

ಮೈಯೊಳಗಿನ ಹಗೇವು

ಸಾರು ಇಂದು ತೆಳುವಾದರೆ ಕಾಯಿಲೆ ನಾಳೆಯೇ ಬರಬೇಕಲ್ಲ? ಬರುವುದಿಲ್ಲ. ಅದಕ್ಕೇ ಒಳಹಸಿವು ಮೋಸಗಾರ.

ನಮ್ಮ ಮೈಯಲ್ಲೂ ಹಗೇವುಗಳಿವೆ. ದೊಡ್ಡದು ಯಕೃತ್ತು, ನಮ್ಮ ಆಡುಮಾತಿನ ಈಲಿ. ದಿನಕ್ಕೆ ಕೆಲವೇ ಮೈಕ್ರೊಗ್ರಾಂ ಬೇಕಾದ ಬಿ12 ವಿಟಮಿನ್ ಅಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ಕೂಡಿರುತ್ತದೆ. ಎ ವಿಟಮಿನ್ ತಿಂಗಳುಗಟ್ಟಲೆ ಬರುತ್ತದೆ. ಫೋಲೇಟ್ ಮೂರು ನಾಲ್ಕು ತಿಂಗಳು. ಸಿ ವಿಟಮಿನ್‌ನ ದಾಸ್ತಾನು ಒಂದರಿಂದ ಮೂರು ತಿಂಗಳಲ್ಲಿ ಬರಿದಾಗುತ್ತದೆ. ಸತುವಿಗಂತೂ ಹೇಳಿಕೊಳ್ಳುವ ಹಗೇವೇ ಇಲ್ಲ, ಅಂದಂದಿನ ದುಡಿಮೆ ಅಂದಂದಿಗೆ. ಇವೆಲ್ಲ ಚೆನ್ನಾಗಿ ಉಂಡುಟ್ಟವರ ಲೆಕ್ಕ. ಮೊದಲೇ ಅರ್ಧ ಖಾಲಿಯಿದ್ದ ಹಗೇವು ಬೇಗ ತಳ ಕಾಣುತ್ತದೆ.

ಹಗೇವಿನ ಬಾಯಿ ಮುಚ್ಚಿರುವವರೆಗೆ ಒಳಗೆ ಎಷ್ಟು ಉಳಿದಿದೆ ಎಂದು ಮೇಲಿನಿಂದ ತಿಳಿಯುವುದಿಲ್ಲ. ತಳದ ಕಾಳು ಬಾಚುವ ದಿನ ಬಂದಾಗಲೇ ಗೊತ್ತಾಗುವುದು. 2020ರಲ್ಲಿ ತೆಳುವಾದ ಸಾರಿನ ಲೆಕ್ಕ 2021ರಲ್ಲೋ 2022ರಲ್ಲೋ ಸುಸ್ತಾಗಿ, ಉದುರುವ ಕೂದಲಾಗಿ, ಪಾಠ ತಲೆಗೆ ಹತ್ತದ ಮಗುವಾಗಿ ಎದುರಿಗೆ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಎಲ್ಲರೂ ಕೊರೊನಾ ಮುಗಿಯಿತು ಎಂದಿರುತ್ತಾರೆ.

ಮೂರನೆಯ ಮಹಡಿಯ ಮನೆಗೂ ಇದರಿಂದ ವಿನಾಯಿತಿ ಇಲ್ಲ. ಡಿ ವಿಟಮಿನ್‌ನ ಬಹುಪಾಲು ನಮ್ಮ ಚರ್ಮ ಬಿಸಿಲಿನಿಂದ ತಯಾರಿಸಿಕೊಳ್ಳುತ್ತದೆ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರಕ್ಕಿದ್ದರೆ ಸಿಂಡೆಲ್‌ಫಿಂಗೆನ್ ಸುಮಾರು 49 ಡಿಗ್ರಿಯಲ್ಲಿದೆ. ಅಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಸೂರ್ಯ ಎಷ್ಟು ಕೆಳಗೆ ಓಡಾಡುತ್ತಾನೆಂದರೆ, ಬಿಸಿಲು ಕಂಡರೂ ಅದರಲ್ಲಿ ಈ ಕೆಲಸ ಮಾಡಿಸುವ ಕಿರಣ ಸಾಲುವುದಿಲ್ಲ. ಬೇಸಿಗೆಯಲ್ಲಿ ತುಂಬಿಕೊಂಡ ಹಗೇವನ್ನು ಚಳಿಗಾಲವಿಡೀ ಉಣ್ಣಬೇಕು. ಕಪ್ಪು ಮೈಬಣ್ಣಕ್ಕೆ ಅದನ್ನು ತುಂಬಲು ಹೆಚ್ಚು ಬಿಸಿಲು ಬೇಕು. ಹಾಗಿರುವಾಗ 2020ರಲ್ಲಿ ಬೇಸಿಗೆಯನ್ನೂ ಲ್ಯಾಪ್‌ಟಾಪ್ ಮುಂದೆ ಮನೆಯೊಳಗೇ ಕಳೆದವರ ಗತಿ? ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತಿದ್ದ ಮನೆಯಲ್ಲೂ ಒಂದು ಹಗೇವು ಸದ್ದಿಲ್ಲದೆ ಖಾಲಿಯಾಗಬಹುದು.

ಬಾಗಿಲು ಕಾಯುವವನು

ಕಬ್ಬಿಣದ ವಿಷಯದಲ್ಲಿ ಇನ್ನೊಂದು ತೊಡಕಿದೆ. ತಿಂದ ಕಬ್ಬಿಣವೆಲ್ಲ ರಕ್ತಕ್ಕೆ ಸೇರುವುದಿಲ್ಲ. ಕರುಳಿನಿಂದ ರಕ್ತಕ್ಕೆ ದಾಟುವ ಕಡೆ ಬಾಗಿಲಿದೆ, ಅದನ್ನು ಕಾಯುವವನ ಹೆಸರು ಹೆಪ್ಸಿಡಿನ್. ಈಲಿಯಲ್ಲಿ ತಯಾರಾಗುವ ಈ ರಾಸಾಯನಿಕ ದೂತ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು 2000ರ ಆಸುಪಾಸಿನಲ್ಲಿ. ಮೈಯಲ್ಲಿ ಕಬ್ಬಿಣ ಸಾಕಷ್ಟಿದ್ದರೆ ಇವನು ಬಾಗಿಲು ಮುಚ್ಚುತ್ತಾನೆ, ಕಡಿಮೆಯಾದರೆ ತೆರೆಯುತ್ತಾನೆ.

ಸೋಂಕು ತಗುಲಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು. ಊರಿಗೆ ಕಳ್ಳರು ಬಂದಾಗ ಒಡವೆ ಮುಚ್ಚಿಡುವ ಹಾಗೆ, ಜ್ವರ ಉರಿಯೂತ ಇರುವಷ್ಟು ದಿನ ಹೆಪ್ಸಿಡಿನ್ ಬಾಗಿಲು ಬಿಗಿದು ಕಬ್ಬಿಣವನ್ನು ಒಳಕೋಣೆಯಲ್ಲಿ ಬಚ್ಚಿಡುತ್ತಾನೆ. ಆಗ ಎಷ್ಟು ಸೊಪ್ಪು ತಿಂದರೂ ರಕ್ತಕ್ಕೆ ಸೇರುವುದು ಕೊಂಚವೇ. ಬಾಗಿಲು ತೆರೆದ ಮೇಲೆ ಆ ಬಾಕಿ ತೀರಿಸಬೇಕು. ಸಾರು ಗಟ್ಟಿಯಾಗಿರಬೇಕಾದದ್ದು ಕಾಯಿಲೆಯಿಂದ ಎದ್ದ ಮೇಲೆ. ಕೊರೊನಾ ತಗುಲಿದ ಎಷ್ಟೋ ಮನೆಗಳಲ್ಲಿ ಅದು ತೆಳುವಾದದ್ದೂ ಆಗಲೇ, ಯಾಕೆಂದರೆ ಕೆಲಸ ಹೋಗಿತ್ತು, ಆಸ್ಪತ್ರೆಯ ಸಾಲ ಉಳಿದಿತ್ತು.

ತಿಂದ ಕಬ್ಬಿಣ ಹೆಚ್ಚು ಮೈಗೆ ಹತ್ತುವಂತೆ ಮಾಡುವ ಉಪಾಯಗಳು ಅಜ್ಜಿಯ ಅಡುಗೆಯಲ್ಲೇ ಇದ್ದವು. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಅದರ ಸಿ ವಿಟಮಿನ್ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಕಾಳು ಮೊಳಕೆ ಕಟ್ಟಿದಾಗ, ದೋಸೆ ಹಿಟ್ಟು ಹುದುಗಿದಾಗ ಧಾನ್ಯದಲ್ಲಿ ಕಬ್ಬಿಣವನ್ನು ಕಟ್ಟಿಹಾಕಿರುವ ಫೈಟೇಟ್ ಎಂಬ ವಸ್ತು ಕಡಿಮೆಯಾಗುತ್ತದೆ. ಜರ್ಮನ್ನರ ಹುಳಿಹಿಟ್ಟಿನ ಬ್ರೆಡ್ಡಿನಲ್ಲಿ ಆಗುವುದೂ ಇದೇ. ಊಟದ ಬೆನ್ನಿಗೇ ಕುಡಿಯುವ ಕಾಫಿ, ಚಹಾ ಮಾತ್ರ ಕಬ್ಬಿಣಕ್ಕೆ ಅಡ್ಡಗಾಲು. ಒಂದು ಗಂಟೆ ತಡೆದು ಕುಡಿದರೆ ಒಳ್ಳೆಯದು.

ಸರ್ಕಾರವೂ ಒಂದು ಸಂಸಾರ

ಮುದ್ದೆ ಉಳಿಸಿ ಸಾರು ತೆಳು ಮಾಡುವ ಕೆಲಸವನ್ನು ಸಂಸಾರಗಳಷ್ಟೇ ಅಲ್ಲ, ಸರ್ಕಾರಗಳೂ ಮಾಡುತ್ತವೆ. ಯಾದಗಿರಿಯ ಮನೆಗೆ ಹೋಗೋಣ. 2020ರ ಏಪ್ರಿಲ್‌ನಿಂದ ಕೇಂದ್ರದ ಗರೀಬ್ ಕಲ್ಯಾಣ್ ಅನ್ನ ಯೋಜನೆ ಪಡಿತರ ಚೀಟಿಯಲ್ಲಿರುವ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೊ ಧಾನ್ಯ, ಮನೆಗೆ 1 ಕಿಲೊ ಬೇಳೆಕಾಳು ಪುಕ್ಕಟೆ ಕೊಟ್ಟಿತು. ನ್ಯಾಯಬೆಲೆ ಅಂಗಡಿಯ ಆ ಚೀಲ ಕೋಟ್ಯಂತರ ಜನರನ್ನು ಉಪವಾಸದಿಂದ ಕಾಪಾಡಿತು ಎಂಬುದರಲ್ಲಿ ಅನುಮಾನವಿಲ್ಲ. ಬೇಳೆಕಾಳು ಅದೇ ವರ್ಷದ ನವೆಂಬರ್‌ಗೆ ನಿಂತಿತು. ಧಾನ್ಯ ನಡುವೆ ಕೆಲವು ತಿಂಗಳು ಬಿಟ್ಟು 2022ರ ಡಿಸೆಂಬರ್‌ವರೆಗೆ ಬಂತು. ಅನ್ನ ಉಳಿಯಿತು, ಬೇಳೆ ಹೋಯಿತು.

ಶಾಲೆ ಮುಚ್ಚಿದ್ದರಿಂದ ಅಕ್ಷರ ದಾಸೋಹದ ಬಿಸಿಯೂಟವೂ ನಿಂತು, ಅದರ ಬದಲು ಮನೆಗೆ ಒಣ ರೇಷನ್ ಹೋಯಿತು. ಬಿಸಿಯೂಟ ಮಗುವಿನ ತಟ್ಟೆಗೇ ಬೀಳುತ್ತಿತ್ತು. ಒಣ ರೇಷನ್ ಮನೆಯ ಡಬ್ಬಕ್ಕೆ ಬಿತ್ತು. ಸಾಂಕ್ರಾಮಿಕ ಬರುವ ಮುಂಚೆ, 2019ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೇ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಇದಕ್ಕೆಲ್ಲ ಕಬ್ಬಿಣದ ಕೊರತೆಯೊಂದೇ ಕಾರಣವಲ್ಲ. ಆದರೂ ಹಗೇವು ಅರ್ಧ ಖಾಲಿಯಿದ್ದಾಗಲೇ ಬರ ಬಂತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಶಾಲೆಗಳು ತೆರೆದ ಮೇಲೆ, 2021ರ ಡಿಸೆಂಬರ್‌ನಲ್ಲಿ, ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಬಿಸಿಯೂಟಕ್ಕೆ ಮೊಟ್ಟೆ ಬಂತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮರುವರ್ಷ ಅದು ರಾಜ್ಯಕ್ಕೆಲ್ಲ ಹರಡಿತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ 6 ದಿನ ಮೊಟ್ಟೆ. ಇದು ಸಾರಿನ ಕಡೆಯಿಂದ ಬಂದ ಸಹಾಯ.

ಸಿಂಡೆಲ್‌ಫಿಂಗೆನ್‌ನ ಕೆಳಗಿನ ಮನೆಗೂ ಹೀಗೇ ಆಯಿತು. ಜರ್ಮನಿಯ ಬಡಮಕ್ಕಳಿಗೆ ಶಾಲೆಯಲ್ಲಿ ಮಧ್ಯಾಹ್ನದ ಊಟ ಉಚಿತ, ಶಾಲೆ ಮುಚ್ಚಿದಾಗ ಅದು ತಪ್ಪಿತು. ಅಲ್ಲಿ 'ಟಾಫೆಲ್' ಎಂಬ ಸೇವಾ ವ್ಯವಸ್ಥೆಯಿದೆ. ಹೆಸರಿನ ಅರ್ಥ ಊಟದ ಮೇಜು. 1993ರಲ್ಲಿ ಬರ್ಲಿನ್‌ನಲ್ಲಿ ಶುರುವಾಗಿ ದೇಶಕ್ಕೆಲ್ಲ ಹಬ್ಬಿದ ಇದು ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಒಳ್ಳೆಯ ಆಹಾರವನ್ನು ಬಡವರಿಗೆ ತಲುಪಿಸುತ್ತದೆ. ಉಳಿಯುವುದು ಯಾವುದು? ಬಾಳಿಕೆ ಬಾರದ ತರಕಾರಿ, ಹಣ್ಣು, ಮೊಸರು, ಎಂದರೆ ಸಾರಿನ ಸಾಮಾನೇ. 2020ರ ಮಾರ್ಚ್‌ನಲ್ಲಿ ಅಂಗಡಿಗಳಲ್ಲಿ ಉಳಿಕೆ ಕಡಿಮೆಯಾಯಿತು. ಸ್ವಯಂಸೇವಕರಲ್ಲಿ ಹೆಚ್ಚಿನವರು ವಯಸ್ಸಾದವರಾದ್ದರಿಂದ ಮನೆಯಲ್ಲಿ ಉಳಿಯಬೇಕಾಯಿತು. ಸುಮಾರು 950 ಟಾಫೆಲ್‌ಗಳಲ್ಲಿ 400ಕ್ಕೂ ಹೆಚ್ಚು ತಾತ್ಕಾಲಿಕವಾಗಿ ಬಾಗಿಲು ಹಾಕಿದವು. 2022ರ ಹೊತ್ತಿಗೆ ಅಲ್ಲಿಗೆ ಬರುವವರು ಸುಮಾರು 20 ಲಕ್ಷಕ್ಕೇರಿದರು. ಮೂರರಲ್ಲೊಂದು ಟಾಫೆಲ್ ಹೊಸಬರನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಬೇಕಾಯಿತು.

ಹಸಿವನ್ನು ಕೇಳಿ ತಿಳಿಯುವ ವಿದ್ಯೆ

ಒಳಹಸಿವು ಕಣ್ಣಿಗೆ ಕಾಣದಿದ್ದರೆ ಅದನ್ನು ಪತ್ತೆ ಮಾಡುವುದು ಹೇಗೆ? ಎಲ್ಲರ ರಕ್ತ ಪರೀಕ್ಷೆ ಮಾಡಿಸುವುದು ಆಗದ ಮಾತು. ವಿಜ್ಞಾನಿಗಳು ಕಂಡುಕೊಂಡ ದಾರಿ ನಮ್ಮ ಅಮ್ಮಂದಿರದ್ದೇ: ಕೇಳುವುದು.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಂಟು ಪ್ರಶ್ನೆಗಳ ಪಟ್ಟಿಯೊಂದನ್ನು ಬಳಸುತ್ತದೆ. ಹಣವಿಲ್ಲದೆ ಊಟಕ್ಕೆ ಏನು ಮಾಡುವುದೆಂದು ಚಿಂತೆಯಾಗಿತ್ತೇ? ಪುಷ್ಟಿಕರವಾದದ್ದು ತಿನ್ನಲಾಗಲಿಲ್ಲವೇ? ಒಂದೆರಡೇ ಬಗೆಯ ಆಹಾರದಲ್ಲಿ ದಿನ ದೂಡಿದಿರೇ? ಆಮೇಲೆ ಬರುವುದು, ಒಂದು ಹೊತ್ತು ಬಿಟ್ಟಿರೇ, ಕಡಿಮೆ ತಿಂದಿರೇ, ಮನೆಯಲ್ಲಿ ಆಹಾರ ಮುಗಿದಿತ್ತೇ, ಹಸಿದರೂ ತಿನ್ನಲಿಲ್ಲವೇ, ಇಡೀ ದಿನ ಉಪವಾಸವಿದ್ದಿರೇ? ಈ ಪ್ರಶ್ನೆಗಳ ಸಾಲನ್ನು ನೋಡಿ. ಮೊದಲು ಚಿಂತೆ, ನಂತರ ಸಾರು, ಕೊನೆಗೆ ಮುದ್ದೆ. ನಾವು ಅಡುಗೆಮನೆಯಲ್ಲಿ ಕಂಡ ಕ್ರಮವೇ ಅಲ್ಲೂ ಇದೆ.

ಇನ್ನೊಂದು ಅಳತೆ ಹೆಂಗಸರಿಗೆಂದೇ ಇರುವುದು. ಅದನ್ನು 'ಬಗೆಯೆಣಿಕೆ' ಎನ್ನೋಣ. ಆಹಾರವನ್ನು ಹತ್ತು ಗುಂಪಾಗಿ ಮಾಡುತ್ತಾರೆ: ಧಾನ್ಯ ಗೆಡ್ಡೆಗಳು, ಬೇಳೆಕಾಳು, ಕಡಲೆಕಾಯಿ ಎಳ್ಳಿನಂಥ ಬೀಜಗಳು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಸಿರು ಸೊಪ್ಪು, ಗಜ್ಜರಿ ಮಾವಿನಂಥ ಕಿತ್ತಳೆ ಬಣ್ಣದ ತರಕಾರಿ ಹಣ್ಣು, ಬೇರೆ ತರಕಾರಿ, ಬೇರೆ ಹಣ್ಣು. ನಿನ್ನೆಯ ಹಗಲು ರಾತ್ರಿಯಲ್ಲಿ ಇವುಗಳಲ್ಲಿ ಕನಿಷ್ಠ ಐದು ಗುಂಪು ತಟ್ಟೆಗೆ ಬಿದ್ದಿದ್ದರೆ ಚಿಟಿಕೆ ಪೋಷಕಗಳು ಸಾಕಷ್ಟು ಸಿಕ್ಕಿರುವ ಸಂಭವ ಹೆಚ್ಚು. ರಾಗಿಮುದ್ದೆ, ಸೊಪ್ಪು ಕಾಳಿನ ಬಸ್ಸಾರು, ಒಂದು ಲೋಟ ಮಜ್ಜಿಗೆ, ಒಂದು ಬಾಳೆಹಣ್ಣು: ಇಲ್ಲಿಗೆ ಐದಾಯಿತು. ಅನ್ನ, ಹುಣಿಸೆ ಸಾರು, ಉಪ್ಪಿನಕಾಯಿ: ಒಂದೇ. ಎರಡೂ ಮನೆಯವರು 'ಊಟ ಆಯ್ತು' ಎಂದೇ ಹೇಳುತ್ತಾರೆ.

ಸಮತೋಲದ ಊಟವನ್ನು ಕೊಳ್ಳಲು ಶಕ್ತಿ ಇಲ್ಲದವರು 2020ರಲ್ಲಿ ಜಗತ್ತಿನಲ್ಲಿ ಸುಮಾರು 300 ಕೋಟಿ ಎಂದು ಅದೇ ಸಂಸ್ಥೆ ಲೆಕ್ಕ ಹಾಕಿದೆ. ಉಪವಾಸ ಬಿದ್ದವರ ಸಂಖ್ಯೆಗಿಂತ ಇದು ಎಷ್ಟೋ ಪಟ್ಟು ದೊಡ್ಡದು. ಎರಡನೆಯ ಪ್ರಶ್ನೆ ಕೇಳದಿದ್ದರೆ ಇವರಲ್ಲಿ ಹೆಚ್ಚಿನವರು ಲೆಕ್ಕಕ್ಕೇ ಸಿಗುವುದಿಲ್ಲ.

ಬೇಸಿಗೆಯಿಲ್ಲದ ವರ್ಷದ ಫಲ

ಸಿಂಡೆಲ್‌ಫಿಂಗೆನ್‌ನಿಂದ ಪೂರ್ವಕ್ಕೆ ಹದಿನೈದು ಕಿಲೋಮೀಟರ್ ಆಸುಪಾಸಿನಲ್ಲಿ ಹೋಹೆನ್‌ಹೈಮ್ ವಿಶ್ವವಿದ್ಯಾಲಯವಿದೆ. ಅದು ಹುಟ್ಟಿದ್ದೇ ಹಸಿವಿನಿಂದ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು ಆಕಾಶಕ್ಕೆ ಹರಡಿದ ಮಸುಕು ಮರುವರ್ಷ ಯುರೋಪಿನ ಬೇಸಿಗೆಯನ್ನೇ ನುಂಗಿತು. ವುರ್ಟೆಂಬರ್ಗ್‌ನಲ್ಲಿ ಬೆಳೆ ಕೊಳೆತು 1817ರವರೆಗೆ ಕ್ಷಾಮ. ಅದನ್ನು ಕಂಡ ರಾಜ ಒಂದನೇ ವಿಲ್ಹೆಲ್ಮ್ 1818ರಲ್ಲಿ ಹೋಹೆನ್‌ಹೈಮ್‌ನಲ್ಲಿ ಕೃಷಿ ಶಾಲೆ ತೆರೆದ. ಆಗ ಇದ್ದದ್ದು ಮುದ್ದೆಯ ಚಿಂತೆ. ಸುಮಾರು ಇನ್ನೂರು ವರ್ಷದ ಮೇಲೆ, 2013ರಲ್ಲಿ, ಅದೇ ವಿಶ್ವವಿದ್ಯಾಲಯ ಒಳಹಸಿವಿನ ಕುರಿತ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿತು. ಮೊದಲ ಪ್ರಶ್ನೆಗೆ ಉತ್ತರ ಹುಡುಕಲು ಕಟ್ಟಿದ ಮನೆಯಲ್ಲಿ ಎರಡನೆಯ ಪ್ರಶ್ನೆ ಕೇಳಲು ಅಷ್ಟು ಕಾಲ ಹಿಡಿಯಿತು.

ಆ ಸೀಮೆಯವರ ನೆಚ್ಚಿನ ಊಟ ಚನ್ನಂಗಿ ಕಾಳು ಮತ್ತು ಷ್ಪೆಟ್ಸ್‌ಲೆ. ಮೊಟ್ಟೆ ಮೈದಾ ಕಲಸಿ ಕುದಿಯುವ ನೀರಿಗೆ ಇಳಿಸಿದ ಶ್ಯಾವಿಗೆಯಂಥ ತುಂಡುಗಳ ಪಕ್ಕದಲ್ಲಿ, ವಿನೆಗರ್ ಹಾಕಿ ಹುಳಿ ಮಾಡಿದ ಚನ್ನಂಗಿ. ನಮ್ಮ ಕಣ್ಣಿಗೆ ಅದು ಅನ್ನ ಹುಳಿಯೇ. ಧಾನ್ಯದ ಪ್ರೋಟೀನಿನಲ್ಲಿ ಕಡಿಮೆ ಇರುವುದನ್ನು ಕಾಳು ತುಂಬುತ್ತದೆ, ಕಾಳಿನಲ್ಲಿ ಕಡಿಮೆ ಇರುವುದನ್ನು ಧಾನ್ಯ ತುಂಬುತ್ತದೆ. ಸಮೀಪದ ಶ್ವೇಬಿಷ್ ಆಲ್ಬ್ ಗುಡ್ಡಗಳಲ್ಲಿ ಬೆಳೆಯುತ್ತಿದ್ದ ಈ ಕಾಳು ಲಾಭವಿಲ್ಲವೆಂದು 1960ರ ದಶಕದ ಹೊತ್ತಿಗೆ ಹೊಲಗಳಿಂದ ಮಾಯವಾಯಿತು. 1980ರ ದಶಕದಲ್ಲಿ ಅಲ್ಲಿನ ರೈತರು ಮತ್ತೆ ಚನ್ನಂಗಿ ಬಿತ್ತಿದರೂ ಹಳೆಯ ತಳಿ ಎಲ್ಲೂ ಸಿಗಲಿಲ್ಲ. ಕೊನೆಗೆ 2006ರಲ್ಲಿ ಅದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜಭಂಡಾರದಲ್ಲಿ ಪತ್ತೆಯಾಗಿ ಮನೆಗೆ ಮರಳಿತು. ಯಾರೋ ಯಾವುದೋ ಕಾಲದಲ್ಲಿ ಹಗೇವಿಗೆ ಹಾಕಿಟ್ಟದ್ದು ಮುದ್ದೆಯ ಧಾನ್ಯವನ್ನಲ್ಲ, ಸಾರಿನ ಕಾಳನ್ನು.

ನಮ್ಮ ಮೂರು ಮನೆಗಳಿಗೆ ಮುಂದಿನ ಸಾಂಕ್ರಾಮಿಕವೋ ಬೆಲೆಯೇರಿಕೆಯೋ ಬಂದಾಗ ಮಾಡಬೇಕಾದ್ದೂ ಅದನ್ನೇ. ರೇಷನ್ ಚೀಲದಲ್ಲಿ ಅಕ್ಕಿಯ ಜೊತೆ ಬೇಳೆ ಕೊನೆಯ ತಿಂಗಳವರೆಗೂ ಇರಬೇಕು. ಶಾಲೆ ಮುಚ್ಚಿದರೂ ಮೊಟ್ಟೆ, ಹಾಲು ಮಗುವಿನ ಕೈಗೆ ತಲುಪಬೇಕು. ಭತ್ಯೆಯ ಲೆಕ್ಕದಲ್ಲಿ ಬ್ರೆಡ್ಡಿನ ಬೆಲೆಯಷ್ಟೇ ಅಲ್ಲದೆ ಕ್ಯಾರೆಟ್ಟಿನ ಬೆಲೆಯೂ ಸೇರಿರಬೇಕು.

ಮಂಡ್ಯದಲ್ಲಿ ರಾತ್ರಿ ಒಂಬತ್ತಾದಾಗ ಸಿಂಡೆಲ್‌ಫಿಂಗೆನ್‌ನಲ್ಲಿ ಇನ್ನೂ ಸಂಜೆ. ಅಮ್ಮನ ಫೋನ್ ಬರುತ್ತದೆ.

'ಊಟ ಆಯ್ತೇನಪ್ಪಾ?'

'ಇನ್ನೂ ಹೊತ್ತಿದೆ ಕಣಮ್ಮ. ನಿಂದು ಆಯ್ತಾ?'

'ಹೂಂ, ಆಯ್ತು.'

ಇಷ್ಟು ವರ್ಷ ಎರಡನೆಯ ಪ್ರಶ್ನೆ ಕೇಳುತ್ತಿದ್ದವಳು ಅವಳೇ. ಒಬ್ಬಳೇ ಇರುವ ಮನೆಯಲ್ಲಿ, ಕೊನೆಗೆ ಉಣ್ಣುವ ಅಭ್ಯಾಸ ಬಿಡದ ಅವಳನ್ನು ಈ ಸಲ ಮಗನೇ ಕೇಳಬೇಕು: 'ಏನ್ ಸಾರು ಮಾಡ್ಕೊಂಡೆ?'